ಕಾರು ಕಲಿಯೋದು ಗೇರ್‌ನಲ್ಲೋ, ಆಟೊಮ್ಯಾಟಿಕ್‌ನಲ್ಲೋ?

ಬೈಕ್ ಲೈಸೆನ್ಸ್‌ನಲ್ಲಿ ಗೇರ್ ಇರುವ, ಗೇರ್ ಇಲ್ಲದ ಎಂದು ಎರಡು ವರ್ಗ ಇವೆ. ಕಾರಿಗೆ ಹಾಗಿಲ್ಲ. ಎಲ್‌ಎಂವಿ ಒಂದೇ. ಆಟೊಮ್ಯಾಟಿಕ್‌ನಲ್ಲಿ ಕಲಿತವರೂ ಅದೇ ಲೈಸೆನ್ಸ್‌ನಲ್ಲಿ ಗೇರ್ ಗಾಡಿ ಓಡಿಸಬಹುದು. ತೊಂದರೆ ಇರೋದೇ ಇಲ್ಲಿ.

ಆಟೊಮ್ಯಾಟಿಕ್‌ನಲ್ಲಿ ಕ್ಲಚ್ ಇಲ್ಲ, ಎರಡೇ ಪೆಡಲ್. ಗೇರ್ ಗಾಡಿಗೆ ಮೂರು. ಏರಿನಲ್ಲಿ ನಿಲ್ಲಿಸಿ ಮತ್ತೆ ಮೂವ್ ಮಾಡುವಾಗ ಹ್ಯಾಂಡ್‌ಬ್ರೇಕ್, ಕ್ಲಚ್, ಎಕ್ಸಲೇಟರ್ ಹೊಂದಿಸಲು ಬಾರದಿದ್ದರೆ ಗಾಡಿ ಹಿಂದಕ್ಕೆ ಜಾರುತ್ತೆ, ಇಲ್ಲವೇ ಆಫ್ ಆಗುತ್ತೆ.

ಅಂಗಡಿಗೆ ಮಾಲು ತರುವ ಸಣ್ಣ ಗೂಡ್ಸ್ ಗಾಡಿಗಳಲ್ಲಿ ಹೆಚ್ಚಿನವು ಗೇರ್‌ನವೇ. ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಇಂಥ ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಹಾಗಾಗಿ ಅಂಗಡಿ ಗಾಡಿ ಓಡಿಸಬೇಕಾದವರು ಗೇರ್‌ನಲ್ಲೇ ಕಲಿಯೋದು ಒಳ್ಳೇದು. ಮನೆಯ ಆಟೊಮ್ಯಾಟಿಕ್ ಕಾರಷ್ಟೇ ಓಡಿಸೋರಿಗೆ ಆಟೊಮ್ಯಾಟಿಕ್ ಕಲಿತರೆ ಸಾಕು.