ಕನ್ನಡಕ್ಕೆ ಬಾಲದಲ್ಲಿ, ಇಂಗ್ಲಿಷಿಗೆ ತಲೆಯಲ್ಲಿ: ಅಡ್ವರ್ಬ್ ಕ್ಲಾಜ್ ಕಥೆ



ಈ ಸಲದ ಗೋಡೆ ಪತ್ರಿಕೆಗೆ ನಾನು ಇಂಗ್ಲಿಷ್ ವ್ಯಾಕರಣದ ಬಗ್ಗೆ ಬರೀತೀನಿ ಅಂದಾಗ ನಮ್ಮ ತರಗತಿಯವರು ನಕ್ಕರು. ನಗೋದಕ್ಕೆ ಕಾರಣ ಐತೆ. ಹೋದ ವರ್ಷ ನಾನು ಬರೆದ ರಜಾ ಚೀಟಿ ಇಡೀ ಶಾಲೆಗೆ ಗೊತ್ತಾಗಿತ್ತು. ಗೊತ್ತಿಲ್ಲದವರಿಗೆ ಈಗ ನಾನೇ ಹೇಳಿಬಿಡ್ತೀನಿ. ಅದಕ್ಕೂ ಮುಂಚೆ ಒಂದು ಮಾತು. ನಮ್ಮ ಪತ್ರಿಕೆಯಲ್ಲಿ ಕನ್ನಡ ಅಕ್ಷರ ಮಾತ್ರ ಇರಬೇಕು ಅಂತ ನಾವೇ ಮಾಡಿಕೊಂಡ ನಿಯಮ. ಆದ್ದರಿಂದ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದೀನಿ. ಸ್ವಲ್ಪ ಜೋರಾಗಿ ಓದಿಕೊಂಡರೆ ತಿಳೀತದೆ.

ನಮಗೆಲ್ಲ ಬಾಯಿಪಾಠ ಆಗಿರೋದು ಒಂದೇ ರಜಾ ಚೀಟಿ. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಐ ಕೆನಾಟ್ ಅಟೆಂಡ್ ಸ್ಕೂಲ್.’ ಹತ್ತಿ ಬಿಡಿಸಾಕೆ ಹೋದರೂ ಜ್ವರ, ಭತ್ತದ ನಾಟಿಗೂ ಜ್ವರ, ಅಕ್ಕನ ಮದುವೆಗೂ ಜ್ವರ, ಜಾತ್ರೆಗೂ ಜ್ವರ. ನಿಜವಾಗಿ ಜ್ವರ ಬಂದಾಗ ಚೀಟಿ ಬರೆಯೋ ಶಕ್ತಿಯೇ ಇರಲ್ಲ, ಆ ಮಾತು ಬೇರೆ.

ಹೋದ ವರ್ಷ ನಮ್ಮವ್ವ ಹುಷಾರಿಲ್ಲದೆ ಹಾಸಿಗೆ ಹಿಡಿದಳು. ಅಪ್ಪ ದುಡಿಯಾಕೆ ಬೇರೆ ಊರಿಗೆ ಹೋಗಿದ್ದ. ಸಣ್ಣ ತಂಗಿಯನ್ನು ನೋಡಿಕೊಳ್ಳೋರು ಮನೆಯಲ್ಲಿ ಯಾರೂ ಇರಲಿಲ್ಲ. ಈ ಸಲ ಸುಳ್ಳು ಬರೆಯೋದು ಬೇಡ ಅನ್ನಿಸಿತು. ಜ್ವರ ಇದ್ದ ಜಾಗದಲ್ಲಿ ಅವ್ವನನ್ನು ಹಾಕಿದೆ: ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಮೈ ಮದರ್.’ ಅಂದರೆ ಏನರ್ಥ ಗೊತ್ತೇನ್ರಿ? ನಮ್ಮವ್ವನೇ ನನಗೆ ಹತ್ತಿದ ರೋಗ ಅಂತ! ಚೀಟಿ ಒಯ್ದ ಗೆಳೆಯ ದಾರಿಯಲ್ಲಿ ನಾಲ್ಕು ಜನಕ್ಕೆ ಓದಿ ಹೇಳ್ಯಾನೆ. ಮೂರು ದಿನ ಬಿಟ್ಟು ಶಾಲೆಗೆ ಬಂದರೆ ಎಲ್ಲರೂ, ‘ಏನಪಾ, ನಿನ್ನ ರೋಗ ಹೆಂಗೈತೆ?’ ಅಂತ ಕೇಳೋರೇ. ನನಗೆ ಅಳು ಬಂತು. ಅಷ್ಟು ಸಲ ಸುಳ್ಳು ಬರೆದಾಗ ಒಬ್ಬರೂ ನಕ್ಕಿರಲಿಲ್ಲ. ನಿಜ ಬರೆದ ದಿನ ಎಲ್ಲರೂ ನಕ್ಕರು.

ನಮ್ಮ ಇಂಗ್ಲಿಷ್ ಸರ್ ಮಾತ್ರ ನಗಲಿಲ್ಲ. ಸಂಜೆ ಗಂಟೆ ಬಾರಿಸಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಬೋರ್ಡಿನ ಮೇಲೆ ‘ಆಸ್ ಮೈ ಮದರ್ ಈಸ್ ಇಲ್’ ಅಂತ ಬರೆದರು. ಆಮೇಲೆ ‘ಆಸ್’ ಅನ್ನೋ ಪದವನ್ನು ಅಂಗೈಯಿಂದ ಮುಚ್ಚಿ, ‘ಉಳಿದದ್ದು ಓದು’ ಅಂದರು. ‘ಮೈ ಮದರ್ ಈಸ್ ಇಲ್.’ ಪೂರ್ತಿ ವಾಕ್ಯ! ಅವ್ವ ಕರ್ತೃ, ‘ಈಸ್’ ಕ್ರಿಯಾಪದ. ‘ಆಸ್’ ಬರೀ ಕೊಂಡಿ. ಆ ಕೊಂಡಿಗೆ ಯಾವ ವಾಕ್ಯ ಬೇಕಾದರೂ ತಗಲಿಸಬಹುದು, ಅದು ಜ್ವರದ ಸ್ವತ್ತಲ್ಲ ಅಂತ ನನಗೆ ಅವತ್ತು ತಿಳೀತು. ಅಲ್ಲಿಯವರೆಗೆ ಚೀಟಿಯ ಮೊದಲ ಸಾಲು ಪೂರ್ತಿ ಒಂದೇ ಮಂತ್ರ ಅಂದುಕೊಂಡಿದ್ದೆ.

ಇದಕ್ಕೇ ಅಡ್ವರ್ಬ್ ಕ್ಲಾಜ್ ಅಂತಾರೆ. ತರಗತಿ ಅನ್ನೋ ಕ್ಲಾಸ್ ಅಲ್ಲ, ಕ್ಲಾಜ್. ಕನ್ನಡದಲ್ಲಿ ಕ್ರಿಯಾವಿಶೇಷಣ ಉಪವಾಕ್ಯ. ಹೆಸರಿಗೆ ಹೆದರಬೇಡಿ. ಯಾವಾಗ, ಎಲ್ಲಿ, ಯಾಕೆ, ಹೆಂಗೆ ಅಂತ ಹೇಳೋ ಪದ ಕ್ರಿಯಾವಿಶೇಷಣ. ‘ಹಿ ವೆಂಟ್ ಯೆಸ್ಟರ್‌ಡೇ’ ಅಂದರೆ ‘ಯೆಸ್ಟರ್‌ಡೇ’ ಒಂದೇ ಪದ ಆ ಕೆಲಸ ಮಾಡ್ತು. ‘ಹಿ ವೆಂಟ್ ವೆನ್ ದಿ ಬಸ್ ಕೇಮ್’ ಅಂದರೆ ಒಂದು ಸಣ್ಣ ವಾಕ್ಯವೇ ಬಂದು ಅದೇ ಕೆಲಸ ಮಾಡ್ತು. ರೆನ್ ಮತ್ತು ಮಾರ್ಟಿನ್ ಅವರ ಹಳೇ ವ್ಯಾಕರಣ ಪುಸ್ತಕದಲ್ಲಿ ಕಾಲ, ಸ್ಥಳ, ಉದ್ದೇಶ, ಕಾರಣ, ಷರತ್ತು, ಪರಿಣಾಮ, ಹೋಲಿಕೆ, ‘ಆದರೂ’ ಅನ್ನೋ ಅರ್ಥ ಅಂತ ಇದಕ್ಕೆ ಎಂಟು ಬಗೆ ಕೊಟ್ಟಾರೆ. ಎಂಟನ್ನೂ ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದರಿಂದ ಚೀಟಿ ಬರೆಯಾಕೆ ಬರಲಿಲ್ಲ ಅನ್ನೋದು ನಿಮಗೇ ಗೊತ್ತಾಯ್ತಲ್ಲ.

ಹಂಗಾರೆ ನಮಗೆ ಇದು ಕಷ್ಟ ಯಾಕೆ? ಕಾರಣ ಕೊಂಡಿ ಇರೋ ಜಾಗ. ‘ಬಾ’ ಅನ್ನೋ ಧಾತು ತಗೊಳ್ಳಿ. ಬಂದಾಗ, ಬಂದರೆ, ಬಂದರೂ, ಬಂದದ್ದರಿಂದ, ಬಂದ ಮೇಲೆ, ಬರೋ ಮುಂಚೆ, ಬರೋ ತನಕ. ಕೊಂಡಿ ಎಲ್ಲ ಬಾಲದಲ್ಲಿ. ಕನ್ನಡ ವ್ಯಾಕರಣದ ಪಾಠದಲ್ಲಿ ಕೃದಂತಾವ್ಯಯ ಅಂತ ಬರ್ತದಲ್ಲ, ಧಾತುವಿಗೆ ‘ದರೆ’ ಹತ್ತಿದರೆ ‘ಮಾಡಿದರೆ’ ಅಂತ, ಅದೇ ಇದು. ಇಂಗ್ಲಿಷಿನಲ್ಲಿ ಕೊಂಡಿ ತಲೆಯಲ್ಲಿ: ವೆನ್ ಹಿ ಕೇಮ್, ಇಫ್ ಹಿ ಕಮ್ಸ್, ದೋ ಹಿ ಕೇಮ್, ಆಸ್ ಹಿ ಕೇಮ್, ಆಫ್ಟರ್ ಹಿ ಕೇಮ್, ಬಿಫೋರ್ ಹಿ ಕೇಮ್, ಅಂಟಿಲ್ ಹಿ ಕೇಮ್. ನಾವು ಕನ್ನಡದಲ್ಲಿ ಯೋಚನೆ ಮಾಡ್ತಾ ಬರೆಯೋವಾಗ ಬಾಲ ಬರೋ ಹೊತ್ತಿಗೆ ತಲೆ ದಾಟಿ ಹೋಗಿರ್ತದೆ. ಅದಕ್ಕೇ ನಾನೀಗ ಮೊದಲು ಕನ್ನಡ ವಾಕ್ಯದ ಬಾಲ ಹುಡುಕ್ತೀನಿ. ‘ರೆ’ ಐತಾ? ಹಂಗಾರೆ ಇಂಗ್ಲಿಷ್ ವಾಕ್ಯಕ್ಕೆ ‘ಇಫ್’ನಿಂದ ಶುರು.

ಮನೆಯಲ್ಲಿ ತೆಲುಗು ಮಾತಾಡೋ ಗೆಳೆಯರು ನಮ್ಮೂರಿನಲ್ಲಿ ಬಹಳ ಅದಾರೆ. ಅವರಿಗೂ ಇದೇ ಪಾಡು: ವಸ್ತೇ, ವಚ್ಚಿನಾ, ವಚ್ಚಿನಪ್ಪುಡು, ಎಲ್ಲ ಬಾಲವೇ. ಆದರೆ ಹಿಂದಿ ಪುಸ್ತಕ ತೆಗೆದು ನೋಡಿ. ‘ಅಗರ್’ ತಲೆಯಲ್ಲಿ, ‘ಜಬ್’ ತಲೆಯಲ್ಲಿ. ಈ ವಿಷಯದಲ್ಲಿ ಹಿಂದಿ ಇಂಗ್ಲಿಷಿನ ಕಡೆಗೆ.

ಅಡ್ವರ್ಬ್ ಕ್ಲಾಜ್ ನಮಗೆ ಬರಲ್ಲ ಅನ್ನೋರು ಒಂದು ಸಂಗತಿ ನೆನಪು ಮಾಡಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಹತ್ತಿರದ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಒಟ್ಟು 33 ಗೇಟುಗಳಲ್ಲಿ ಹೋದದ್ದು ಒಂದೇ, ಆದರೆ ತುಂಬಿದ ಅಣೆಕಟ್ಟು. ಸಿರುಗುಪ್ಪ ತಾಲೂಕಿನ ಭತ್ತಕ್ಕೆ ಆ ನೀರೇ ಆಧಾರ. ಹೋಟೆಲ್ ಕಟ್ಟೆಯ ಮೇಲೆ ಕುಂತ ಹಿರಿಯರು ಆ ವಾರವೆಲ್ಲ ಬೇರೆ ಮಾತೇ ಆಡಲಿಲ್ಲ. ‘ನೀರು ಖಾಲಿಯಾದ್ರೆ ಎರಡನೇ ಬೆಳೆ ಹೋಯ್ತು.’ ‘ಗೇಟು ಕೂರಿಸೋ ತನಕ ನಿದ್ದೆ ಇಲ್ಲ.’ ‘ಮಳೆ ಬಂದ್ರೂ ಡ್ಯಾಮು ಮತ್ತ ತುಂಬ್ತದೋ ಇಲ್ಲೋ.’ ಎಲ್ಲಾ ಉಪವಾಕ್ಯಗಳೇ! ಹೊಟ್ಟೆಯ ಚಿಂತೆ ಬಂದಾಗ ಮನುಷ್ಯ ‘ರೆ’, ‘ರೂ’, ‘ತನಕ’ ಇಲ್ಲದೆ ಮಾತಾಡಾಕೆ ಆಗಲ್ಲ. ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಆಗ ಕಟ್ಟೆಯ ಮಾತಿನ ಬಾಲವೂ ಬದಲಾಯಿತು: ‘ನಿಲ್ಲಿಸಿದ್ದಕ್ಕೆ ಬದುಕಿದ್ವಿ.’

ಈಗ ನಾವೆಲ್ಲ ಮಾಡೋ ತಪ್ಪುಗಳಿಗೆ ಬರ್ತೀನಿ. ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕು ಬಹಳ ಬಿದ್ದಿರೋದು ‘ವಿಲ್’ ಮೇಲೆ. ‘ನಾಳೆ ನೀರು ಬಂದರೆ ನಾಟಿ ಮಾಡ್ತೀವಿ’ ಅನ್ನೋದಕ್ಕೆ ‘ಇಫ್ ದಿ ವಾಟರ್ ವಿಲ್ ಕಮ್ ಟುಮಾರೋ’ ಅಂತ ಬರೀತಿದ್ದೆ. ತಪ್ಪು. ‘ಇಫ್ ದಿ ವಾಟರ್ ಕಮ್ಸ್ ಟುಮಾರೋ, ವಿ ವಿಲ್ ಪ್ಲಾಂಟ್ ಪ್ಯಾಡಿ’ ಅನ್ನಬೇಕು. ‘ನಾಳೆ ಅಂದ್ರೆ ಭವಿಷ್ಯತ್ಕಾಲ ಅಲ್ವಾ ಸರ್, ವಿಲ್ ಯಾಕೆ ಬೇಡ?’ ಅಂತ ಕೇಳಿದೆ. ಅವರು ತಿರುಗಿ ನನ್ನನ್ನೇ ಕೇಳಿದರು: ‘ನೀನು ಕನ್ನಡದಲ್ಲಿ ಏನಂತೀಯ?’ ‘ನೀರು ಬಂದರೆ.’ ‘ಬಂದ ಅನ್ನೋದು ಯಾವ ಕಾಲ?’ ನಾನು ಸುಮ್ಮನಾದೆ. ಬಂದ ಅನ್ನೋದು ಭೂತಕಾಲದ ರೂಪ! ನೀರು ಇನ್ನೂ ಬಂದೇ ಇಲ್ಲ, ನಾವು ಬಂದುಬಿಟ್ಟಂಗೆ ಮಾತಾಡ್ತೀವಿ. ‘ಬರುವರೆ’ ಅಂತ ಯಾರಾದರೂ ಅಂತಾರಾ? ಷರತ್ತಿನ ಮಾತಿನಲ್ಲಿ ಕನ್ನಡ ಭೂತಕಾಲದ ರೂಪ ಇಟ್ಟಿತು, ಇಂಗ್ಲಿಷ್ ವರ್ತಮಾನ ಇಟ್ಟಿತು, ಭವಿಷ್ಯತ್ತನ್ನು ಎರಡೂ ಇಡಲಿಲ್ಲ. ಇದು ತಿಳಿದ ದಿನ ನನಗೆ ಆದ ಖುಷಿ ಹೇಳತೀರದು. ‘ವೆನ್’, ‘ಅಂಟಿಲ್’, ‘ಆಫ್ಟರ್’, ‘ಬಿಫೋರ್’ ಕಾಲ ಹೇಳುವಾಗಲೂ ಇದೇ ನಿಯಮ. ‘ವೆನ್ ಮೈ ಫಾದರ್ ಕಮ್ಸ್, ಐ ವಿಲ್ ಟೆಲ್ ಹಿಮ್.’ ಅಪ್ಪ ಇನ್ನೂ ಬಂದಿಲ್ಲ, ಆದರೂ ‘ಕಮ್ಸ್’.

ಎರಡನೇದು, ಎರಡು ಕೊಂಡಿ ಹಾಕೋದು. ‘ದೋ ಹಿ ಈಸ್ ಪೂರ್, ಬಟ್ ಹಿ ಈಸ್ ಆನೆಸ್ಟ್’ ಅಂತ ಬರೀತೀವಿ. ‘ದೋ’ ಬಂದ ಮೇಲೆ ‘ಬಟ್’ ಬೇಡ. ‘ಬಿಕಾಸ್’ ಅಥವಾ ‘ಆಸ್’ ಬಂದ ಮೇಲೆ ‘ಸೋ’ ಬೇಡ. ಎರಡು ರೈಲು ಡಬ್ಬಿ ಜೋಡಿಸಾಕೆ ಒಂದು ಕೊಂಡಿ ಸಾಕು. ‘ಬಡವನಾದರೂ ಪ್ರಾಮಾಣಿಕ’ ಅನ್ನುವಾಗ ‘ರೂ’ ಒಂದೇ ಸಲ ಬಂತಲ್ಲ. ಹಿಂದಿಯಲ್ಲಿ ಮಾತ್ರ ‘ಅಗರ್’ ಅಂದರೆ ‘ತೋ’, ‘ಯದ್ಯಪಿ’ ಅಂದರೆ ‘ಫಿರ್ ಭೀ’ ಅಂತ ಜೋಡಿ ಜೋಡಿ ಬರ್ತವೆ. ಅದನ್ನು ಇಂಗ್ಲಿಷಿಗೆ ಎಳೆದು ತರಬಾರದು.

‘ಅನ್‌ಲೆಸ್’ ಅನ್ನೋ ಪದದ ಹೊಟ್ಟೆಯೊಳಗೇ ‘ಇಲ್ಲ’ ಐತೆ. ‘ಬಸ್ಸು ಬರದಿದ್ದರೆ’ ಅಂದರೆ ‘ಅನ್‌ಲೆಸ್ ದಿ ಬಸ್ ಕಮ್ಸ್’. ಅದರಲ್ಲಿ ಮತ್ತೆ ‘ಡಸ್ ನಾಟ್’ ತುರುಕಿದರೆ ಅರ್ಥ ತಲೆಕೆಳಗಾಗ್ತದೆ.

‘ಬಿಕಾಸ್’ ನಮಗೆ ಸುಲಭ ಅನ್ನಿಸ್ತದೆ, ಯಾಕಂದ್ರೆ ನಮ್ಮ ‘ಯಾಕಂದ್ರೆ’ ಕೂಡ ಅದರಂಗೆ ಮುಂದೆ ನಿಲ್ಲೋ ಪದ. (ನೋಡಿ, ಈಗಷ್ಟೇ ಬಳಸಿದೆ!) ಆದರೆ ಒಂದು ಮೋಸ ಐತೆ. ಕನ್ನಡದಲ್ಲಿ ಮಾತಾಡುವಾಗ ಪೂರ್ಣವಿರಾಮ ಹಾಕಿ, ‘ಯಾಕಂದ್ರೆ ಹುಷಾರಿರಲಿಲ್ಲ’ ಅಂತ ಬೇರೆ ವಾಕ್ಯ ಮಾಡ್ತೀವಿ. ಪರೀಕ್ಷೆಯಲ್ಲಿ ‘ಬಿಕಾಸ್ ಐ ವಾಸ್ ಇಲ್’ ಅಂತ ಒಂಟಿಯಾಗಿ ಬರೆದು ಚುಕ್ಕೆ ಇಟ್ಟರೆ ಅದು ಡಬ್ಬಿ ಮಾತ್ರ, ಎಂಜಿನ್ ಇಲ್ಲ. ‘ಐ ಡಿಡ್ ನಾಟ್ ಕಮ್ ಬಿಕಾಸ್ ಐ ವಾಸ್ ಇಲ್’ ಅಂತ ಜೋಡಿಸಿ ಬರೆಯಿರಿ. ಉಪವಾಕ್ಯ ಮೊದಲು ಬಂದರೆ ನಡುವೆ ಕಾಮಾ, ಹಿಂದೆ ಬಂದರೆ ಸಾಮಾನ್ಯವಾಗಿ ಬೇಡ.

ನಮ್ಮ ಬಳ್ಳಾರಿ ಸೀಮೆಗೆ ಹೊಂದೋದು ಇನ್ನೊಂದು ಐತೆ. ‘ಬಿಸಿಲು ಎಷ್ಟಿತ್ತು ಅಂದರೆ ನಾಯಿ ಕೂಡ ಹೊರಗ ಬರಲಿಲ್ಲ.’ ಈ ‘ಎಷ್ಟು... ಅಂದರೆ’ ಇಂಗ್ಲಿಷಿನಲ್ಲಿ ‘ಸೋ... ದ್ಯಾಟ್’ ಆಗ್ತದೆ: ‘ಇಟ್ ವಾಸ್ ಸೋ ಹಾಟ್ ದ್ಯಾಟ್ ಈವನ್ ದಿ ಡಾಗ್ಸ್ ಡಿಡ್ ನಾಟ್ ಕಮ್ ಔಟ್.’ ಇಲ್ಲಿ ಎರಡು ಭಾಷೆಯೂ ಒಂದೇ ದಾರಿಯಲ್ಲಿ ನಡೀತವೆ, ಆದ್ದರಿಂದ ಇದನ್ನು ಯಾರೂ ತಪ್ಪು ಮಾಡಿದ್ದು ನಾನು ನೋಡಿಲ್ಲ.

ಅವತ್ತು ಸಂಜೆ ನಾನು ಹೊಸದಾಗಿ ಬರೆದ ಚೀಟಿ ಹೀಗಿತ್ತು: ‘ಆಸ್ ಮೈ ಮದರ್ ಈಸ್ ಇಲ್ ಅಂಡ್ ದೇರ್ ಈಸ್ ನೋ ಒನ್ ಅಟ್ ಹೋಮ್ ಟು ಲುಕ್ ಆಫ್ಟರ್ ಮೈ ಸಿಸ್ಟರ್, ಐ ಕೆನಾಟ್ ಅಟೆಂಡ್ ಸ್ಕೂಲ್ ಫಾರ್ ತ್ರೀ ಡೇಸ್.’ ರಜೆ ಮುಗಿದು ಹೋಗಿತ್ತು, ಆದರೂ ಸರ್ ಹಳೇ ಚೀಟಿ ಹರಿದು ಹಾಕಿ ಇದನ್ನೇ ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡರು. ಅವ್ವ ಈಗ ಆರಾಮಾಗಿದಾಳೆ. ಹಳೇ ಚೀಟಿಯ ಅರ್ಥ ಅವಳಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಕೆಳಗಿನ ನಾಲ್ಕನ್ನು ಇಂಗ್ಲಿಷಿಗೆ ಮಾಡಿ, ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಡಿ. ಹಗರಿ ತುಂಬಿ ಬಂದಾಗ ನಾವು ಆಚೆ ದಡಕ್ಕೆ ಹೋಗೋದಿಲ್ಲ. ಬಸ್ಸು ಬರದಿದ್ದರೆ ನಡೆದುಕೊಂಡು ಹೋಗ್ತೀವಿ (ಇದನ್ನು ಎರಡು ರೀತಿ ಬರೆಯಬಹುದು). ಕರೆಂಟ್ ಹೋದರೂ ನಾನು ಓದಿದೆ. ಅಜ್ಜಿ ಬರೋ ತನಕ ಯಾರೂ ಉಣ್ಣಲಿಲ್ಲ. ಉತ್ತರ ಮುಂದಿನ ಸಂಚಿಕೆಯಲ್ಲಿ. ನನ್ನ ಬರಹದಲ್ಲಿ ತಪ್ಪಿದ್ದರೆ ಗುರುಗಳು ಇದರ ಮೇಲೆಯೇ ಕೆಂಪು ಇಂಕಿನಲ್ಲಿ ತಿದ್ದಬೇಕು ಅಂತ ಕೇಳಿಕೊಳ್ತೀನಿ, ಬದಿಗೆ ಜಾಗ ಬಿಟ್ಟೀನಿ.

– 10ನೇ ತರಗತಿಯ ಒಬ್ಬ ವಿದ್ಯಾರ್ಥಿ, ರಾರಾವಿ