ಅರಳುಮರಳೆಂದು ಕೈಬಿಡದಿರಿ

“ಅರವತ್ತಕ್ಕೆ ಅರಳುಮರಳು” ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಈ ಮಾತಿನಿಂದ ಆಗಿರುವ ಹಾನಿ ಅಲ್ಪವಲ್ಲ. ಹಿರಿಯರು ದಾರಿ ತಪ್ಪಿದರೂ, ಹೆತ್ತ ಮಗನನ್ನೇ ಯಾರೆಂದು ಕೇಳಿದರೂ, ಅದು ವಯಸ್ಸಿನ ಧರ್ಮವೆಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ವೃದ್ಧಾಪ್ಯವೇ ಬೇರೆ, ಡಿಮೆನ್ಷಿಯ ಎಂಬ ಮರೆವಿನ ಕಾಯಿಲೆಯೇ ಬೇರೆ. ಇದು ಮೆದುಳಿನ ರೋಗ. ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ನೂರಕ್ಕೆ ಸುಮಾರು ಏಳು ಮಂದಿಗೆ, ಅಂದರೆ ಒಟ್ಟು 88 ಲಕ್ಷದಷ್ಟು ಜನರಿಗೆ, ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ, ಗಂಡಸರಿಗಿಂತ ಹೆಂಗಸರಲ್ಲಿಯೂ ಇದು ಹೆಚ್ಚಾಗಿ ಕಂಡುಬಂದಿದೆ.

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂತಹ ಊರಿನ ಮನೆಯೊಂದನ್ನು ಊಹಿಸಿಕೊಳ್ಳಿರಿ. ಜೀವಮಾನವೆಲ್ಲ ಕಾವಲಿನಲ್ಲಿ ಕುರಿ ಮೇಯಿಸಿದ ಅಜ್ಜ ಎಲೆಅಡಿಕೆಯ ಸಂಚಿಯನ್ನು ಎಲ್ಲಿಟ್ಟೆನೆಂದು ಮರೆತು, ಬಳಿಕ ನೆನಪಿಸಿಕೊಂಡರೆ ಗಾಬರಿಪಡಬೇಕಾಗಿಲ್ಲ. ಅದೇ ಸಂಚಿಯನ್ನು ಕೈಯಲ್ಲಿ ಹಿಡಿದು ಇದೇಕೆ ಎಂದು ಕೇಳಿದರೆ, ಆಗತಾನೆ ಉಂಡೆದ್ದು ಮತ್ತೆ ಊಟ ಬಡಿಸಿರೆಂದರೆ, ನಲವತ್ತು ವರ್ಷ ತುಳಿದ ಹೊಲದ ದಾರಿಯಲ್ಲಿ ದಿಕ್ಕು ತೋಚದೆ ನಿಂತರೆ, ಆಗ ವೈದ್ಯರಲ್ಲಿಗೆ ಕರೆದೊಯ್ಯಲೇಬೇಕು.

ಬೇಗನೆ ಕರೆದೊಯ್ಯಬೇಕೆನ್ನುವುದಕ್ಕೆ ಬಲವಾದ ಕಾರಣವಿದೆ. ಇಂತಹ ಮರೆವೆಲ್ಲವೂ ವಾಸಿಯಾಗದ ರೋಗದಿಂದಲೇ ಬರುವುದಿಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಬಿ-12 ಜೀವಸತ್ತ್ವದ ಕೊರತೆ, ಮನೋಖಿನ್ನತೆ, ಕೆಲವು ಮಾತ್ರೆಗಳ ಪರಿಣಾಮ, ಹಿಂದೆಂದೋ ಬಿದ್ದಾಗ ತಲೆಯೊಳಗೆ ಶೇಖರವಾದ ರಕ್ತ, ಇವುಗಳಿಂದಲೂ ಬುದ್ಧಿ ಮಸುಕಾಗುತ್ತದೆ. ಚಿಕಿತ್ಸೆಯಿಂದ ಇವು ಬಹುಮಟ್ಟಿಗೆ ಸರಿಹೋಗಬಲ್ಲವು. ಅರಳುಮರಳೆಂದು ಮೂಲೆಯಲ್ಲಿ ಕೂರಿಸಿದ ಅಜ್ಜಿಗೆ ಬೇಕಾಗಿದ್ದುದು ಬಿ-12 ಚುಚ್ಚುಮದ್ದು ಮಾತ್ರವೇ ಆಗಿರಬಹುದು! ಆಲ್ಝೈಮರ್ ಕಾಯಿಲೆಯನ್ನು ಪೂರ್ಣವಾಗಿ ಗುಣಪಡಿಸುವ ಔಷಧಿ ಇಲ್ಲವಾದರೂ, ಕೆಲವು ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿಡುವ ಔಷಧಿಗಳಿವೆ. ಒಂದೆರಡು ದಿನಗಳಲ್ಲೇ ಏಕಾಏಕಿ ಬುದ್ಧಿ ಕಲಕಿದರೆ ಅದು ಸೋಂಕು, ನಿರ್ಜಲತೆ, ಸಕ್ಕರೆಯ ಏರಿಳಿತ ಅಥವಾ ಪಾರ್ಶ್ವವಾಯುವಿನ ಸೂಚನೆ ಇರಬಹುದು. ಅಂದೇ ಆಸ್ಪತ್ರೆಗೆ ಸೇರಿಸತಕ್ಕದ್ದು.

ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸುವ ಪ್ರಯತ್ನ ಈ ಸೀಮೆಗೆ ದೂರದ ಸುದ್ದಿಯಲ್ಲ. ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಅದನ್ನು ನಡೆಸಿ ತೋರಿಸಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮೊದಲು ಆಶಾ ಕಾರ್ಯಕರ್ತೆಯನ್ನು ಕಂಡು, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆಗೆ ಏರ್ಪಾಡಿದೆ. ಹೊರಡುವ ಮುನ್ನ ವಿಚಾರಿಸಿಕೊಂಡರೆ ಬಸ್ಸಿನ ಖರ್ಚು ವ್ಯರ್ಥವಾಗದು. ಹೆಚ್ಚಿನ ತಪಾಸಣೆಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಬಹುದು. 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಇಲ್ಲೊಂದು ಮಾತನ್ನು ಗಂಡಂದಿರಿಗೆ ಹೇಳಬೇಕಾಗಿದೆ. ಸಾಮಾನ್ಯವಾಗಿ ತಂದೆಯನ್ನು ಆಸ್ಪತ್ರೆಗೆ ಕರೆತರುವವನು ಮಗ. ರಾತ್ರಿ ಎಷ್ಟು ಸಲ ಎದ್ದರು, ಯಾವ ಮಾತ್ರೆ ನುಂಗಿದರು, ಯಾವಾಗಿನಿಂದ ಹೀಗೆ ಎಂಬುದೆಲ್ಲ ಬಲ್ಲವಳು ಮನೆಯಲ್ಲಿ ಉಳಿದ ಸೊಸೆ. ವೈದ್ಯರಿಗೆ ಬೇಕಾದುದು ಆಕೆಯ ಮಾತು. ದಂಪತಿಗಳಿಬ್ಬರೂ ಹೋಗಿರಿ, ಹಳೆಯ ಚೀಟಿಗಳನ್ನೂ ಎಲ್ಲ ಮಾತ್ರೆಗಳನ್ನೂ ಜೊತೆಗೊಯ್ಯಿರಿ.

“ಸೊಸೆ ನನ್ನ ದುಡ್ಡು ಕದ್ದಳು, ಅನ್ನ ಹಾಕಲಿಲ್ಲ” ಎಂಬ ದೂರು ಈ ಕಾಯಿಲೆಯಲ್ಲಿ ಬಹಳ ಮಾಮೂಲು. ಇಟ್ಟದ್ದು ಮರೆತವರಿಗೆ ಅದು ಕಳುವಾದಂತೆಯೇ ತೋರುತ್ತದೆ. ಗಂಡನು ಇದನ್ನು ನಿಜವೆಂದು ನಂಬಿ ಹೆಂಡತಿಯನ್ನು ಗದರಿದರೆ ಸಂಸಾರವೇ ಒಡೆಯುತ್ತದೆ. ಅತ್ತೆಯೊಡನೆ ವಾದಿಸುವುದೂ ಪ್ರಯೋಜನವಿಲ್ಲ. “ಹುಡುಕೋಣ ಬಾರಮ್ಮ” ಎಂದು ಜೊತೆಗೂಡಿ ಹುಡುಕಿದರೆ ಸಮಾಧಾನವಾಗುತ್ತದೆ.

ಹಿರಿಯರನ್ನು ಕಟ್ಟಿಹಾಕಕೂಡದು, ಒಂಟಿಯಾಗಿ ಕೂಡಿಹಾಕಲೂಕೂಡದು. ಅದರ ಬದಲು ಅಂಗಿಯ ಒಳಗಡೆ ಹೆಸರು, ಊರು, ಮನೆಯ ದೂರವಾಣಿ ಸಂಖ್ಯೆ ಬರೆದ ಬಟ್ಟೆಯ ತುಂಡನ್ನು ಹೊಲಿಯಿರಿ. ಬಾವಿಗೂ ಕೃಷಿ ಹೊಂಡಕ್ಕೂ ಬೇಲಿ ಬೇಕು. ಶೇಂಗಾಕ್ಕೆ ಸಿಂಪಡಿಸುವ ಔಷಧಿಯ ಡಬ್ಬಿಯನ್ನು ಬೀಗದೊಳಗಿಡಿರಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಸಣ್ಣ ದೀಪವೊಂದು ಉರಿಯುತ್ತಿರಲಿ. ಸ್ನಾನ, ಊಟ, ನಿದ್ರೆ ದಿನವೂ ಒಂದೇ ಹೊತ್ತಿಗೆ ಆಗಲಿ. ಕೈಗೆ ರೂಢಿಯಾದ ಕೆಲಸ, ಶೇಂಗಾ ಸುಲಿಯುವುದೋ ಹಗ್ಗ ಹೊಸೆಯುವುದೋ, ಬುದ್ಧಿ ಮಸುಕಾದ ಮೇಲೂ ಬಹುಕಾಲ ಉಳಿದಿರುತ್ತದೆ; ಮಾಡಲು ಬಿಡಿರಿ.

ಪಹಣಿ ಅಜ್ಜನ ಹೆಸರಿನಲ್ಲಿದ್ದರೆ, ಅರಿವಿಲ್ಲದ ಸ್ಥಿತಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯವಷ್ಟೇ ಅಲ್ಲ, ಮುಂದೆ ವ್ಯಾಜ್ಯಕ್ಕೂ ಮೂಲ. ನೋಡಿಕೊಳ್ಳುವೆವೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟವರ ಪತ್ರವನ್ನು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯಿದೆಯಂತೆ ರದ್ದುಪಡಿಸಲು ಅವಕಾಶವಿದೆ.

ಆರೈಕೆಯ ಭಾರ ಒಬ್ಬಳ ಮೇಲೆಯೇ ಬಿದ್ದರೆ ಆಕೆಯೂ ಹಾಸಿಗೆ ಹಿಡಿಯುವಳು. ಅಣ್ಣತಮ್ಮಂದಿರು, ಹೆಣ್ಣುಮಕ್ಕಳು ಒಟ್ಟಿಗೆ ಕುಳಿತು ಪಾಳಿ ಗೊತ್ತುಮಾಡಿಕೊಳ್ಳಿರಿ: ಯಾರು ರಾತ್ರಿ ಎಚ್ಚರವಿರುವರು, ಯಾರು ಔಷಧಿ ತರುವರು, ಸುಗ್ಗಿಯ ತಿಂಗಳಲ್ಲಿ ಅಜ್ಜನ ಬಳಿ ಯಾರು ಇರುವರು. ನಿದ್ರೆಯಿಲ್ಲದೆ, ಸುಮ್ಮಸುಮ್ಮನೆ ಅಳು ಬರುವಂತಾದ ಸೊಸೆಯೂ ಅದೇ 14416 ಸಂಖ್ಯೆಗೆ ತನ್ನ ಸಲುವಾಗಿ ಕರೆ ಮಾಡಬಹುದು.