ತೊಟ್ಟಿಕ್ಕುವ ವಿದ್ಯುತ್ತು

ಗಾವಡಗೆರೆಯ ನಮ್ಮ ಮನೆಯಲ್ಲಿ ಕರೆಂಟು ಹೋದಾಗ ಕೈಗೆ ಬರುವುದು ಮೂರು ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲುಗಳ ಹಳೆಯ ಟಾರ್ಚು. ಒಮ್ಮೆ ಅದನ್ನು ಚಾರ್ಜರಿಗೆ ಸಿಕ್ಕಿಸಿ ವಾರಗಟ್ಟಲೆ ಮರೆತೆ. ಬೇಕಾದ ರಾತ್ರಿ ಅದು ಬೆಳಗಲಿಲ್ಲ. ನನ್ನಾಕೆ ಹಿತ್ತಿಲ ಮೆಟ್ಟಿಲಿನಲ್ಲಿ ಎಡವಿ ಬಿದ್ದರು. ಕನ್ನಡ ಮೇಷ್ಟರಾದ ನಾನು ಈ ವಿದ್ಯೆಗೆ ಕೈಹಾಕಿದ್ದು ಆಮೇಲೆ.

ಸ್ವೀಡನ್ನಿನ ವಾಲ್ಡೆಮಾರ್ ಯೂಂಗ್ನರ್ 1899ರಲ್ಲಿ ರೂಪಿಸಿದ ಸೆಲ್ಲಿದು. ತುಂಬಿದ ಮೇಲೂ ವಿದ್ಯುತ್ತು ಹರಿದರೆ ಒಳಗೆ ಆಮ್ಲಜನಕ ಹುಟ್ಟುತ್ತದೆ. ಕ್ಯಾಡ್ಮಿಯಂ ಫಲಕ ಅದನ್ನು ಹೀರಿಕೊಳ್ಳುವಾಗ ಸೆಲ್ಲು ಬಿಸಿಯಾಗುತ್ತದೆ. ಶಿವಲಿಂಗದ ಮೇಲಿನ ಧಾರಾಪಾತ್ರೆಯನ್ನು ನೆನೆಯಿರಿ. ಹನಿಹನಿಯಾಗಿ ಬಿದ್ದ ನೀರನ್ನು ಗೋಮುಖ ಹೊರಗೊಯ್ಯುತ್ತದೆ. ಕೊಡಗಟ್ಟಲೆ ಸುರಿದರೆ ಗರ್ಭಗುಡಿಯೇ ಕೆಸರು. ಸೆಲ್ಲಿನಲ್ಲಾದರೆ ಒತ್ತಡವೇರಿ ಅನಿಲ ಹೊರಚಿಮ್ಮುತ್ತದೆ, ಆಯುಸ್ಸು ತೀರುತ್ತದೆ.

ಸೆಲ್ಲಿನ ಮೇಲೆ 600 ಮಿಲಿಆಂಪಿಯರ್-ಗಂಟೆ ಎಂದಿದ್ದರೆ 60 ಮಿಲಿಆಂಪಿಯರಿನಂತೆ 14ರಿಂದ 16 ಗಂಟೆ ಸಾಕು. ಸದಾ ಸಿಕ್ಕಿಸಿಡುವುದಾದರೆ 20ಕ್ಕೆ ಇಳಿಸಬೇಕು. ನನ್ನ ಅಡಾಪ್ಟರು ಸ್ಥಿರವಾದ 9 ವೋಲ್ಟಿನದು. ಸಾಲಾಗಿ ಜೋಡಿಸಿದ ಮೂರು ಸೆಲ್ಲುಗಳು ಚಾರ್ಜಾಗುವಾಗ ಸುಮಾರು 4.2 ವೋಲ್ಟು ಬಳಸುತ್ತವೆ; ಉಳಿದ 4.8ನ್ನು ತಡೆಯಲು ಲೆಕ್ಕದಂತೆ 240 ಓಮಿನ ರೆಸಿಸ್ಟರು ಬೇಕು. ನಾನು ಹಾಕಿದ್ದು 270ರದು. ಹರಿವು 18ರ ಆಸುಪಾಸಿಗೆ ಬಂತು. ಬರಿದಾದ ಸೆಲ್ಲು ತುಂಬಲು ಎರಡು ದಿನ ಹಿಡಿಯುತ್ತದೆ. ಹಿಡಿಯಲಿ, ನಿವೃತ್ತನಿಗೆ ಅವಸರವೇನು?

ಲಿಥಿಯಂ ಬ್ಯಾಟರಿಗೆ ಮಾತ್ರ ಈ ಉಪಾಯ ಸಲ್ಲದು, ಬೆಂಕಿ ಹೊತ್ತೀತು. ಸತ್ತ ಸೆಲ್ಲನ್ನು ತಿಪ್ಪೆಗೂ ಎಸೆಯಬಾರದು. ಕ್ಯಾಡ್ಮಿಯಂ ವಿಷ, ಮಣ್ಣಿನಲ್ಲಿರುವ ಅದನ್ನು ನಮ್ಮ ಹುಣಸೂರು ಸೀಮೆಯ ಹೊಗೆಸೊಪ್ಪಿನ ಗಿಡ ಎಲೆಗಳಿಗೇ ಏರಿಸಿಕೊಳ್ಳುತ್ತದೆ. ನನ್ನ ಹಳೆಯ ಮೂರು ಸೆಲ್ಲುಗಳು, ಹಳೆಯ ಬ್ಯಾಟರಿ ಕೊಳ್ಳುವವರ ಕೈಸೇರುವವರೆಗೆ, ಡಬ್ಬಿಯೊಂದರಲ್ಲಿ ಭದ್ರವಾಗಿವೆ.